ಬದುಕಿದ್ದವರಿಗೆ ಹೇಳದ ಮಾತು

ನಮ್ಮ ಹಗ್ಗದ ಶೆಡ್ಡಿನಲ್ಲಿ ಎರಡು ಕೆಲಸ ನಿಷಿದ್ಧ: ಬೆಂಕಿಕಡ್ಡಿ ಗೀರುವುದು ಮತ್ತು ಹೊಗಳುವುದು. ಮೊದಲನೆಯದನ್ನು ಮಾಡಿದವರನ್ನು ಅಪ್ಪ ಬೈದು ಕಳಿಸುತ್ತಾನೆ. ಎರಡನೆಯದನ್ನು ಮಾಡಿದವರಿಗೆ ಹಗ್ಗವನ್ನೇ ಮಾರುವುದಿಲ್ಲ. ಒಮ್ಮೆ ನಾಟಕದ ಪರದೆಗೆಂದು ಹಗ್ಗ ಕೊಳ್ಳಲು ಬಂದವನೊಬ್ಬ ‘ಆಹಾ, ಏನು ಕೈ ನಿಮ್ಮ ಮಗಳದು’ ಎಂದುಬಿಟ್ಟು, ಪಾಪ, ಬರಿಗೈಯಲ್ಲಿ ಹೋದ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮ ಮನೆಯ ಹೆಗ್ಗಣ ನಾನೇ, ಆದರೆ ಮುದ್ದಿನ ಮಾತು ಕೇಳಿ ಬೆಳೆದವಳಲ್ಲ. ನಾನು ಹೊಸೆದ ಹಗ್ಗ ಕೆಟ್ಟಿದ್ದರೆ ಅಪ್ಪ ‘ಬಿಚ್ಚು’ ಅನ್ನುತ್ತಾನೆ. ಸರಿಯಾಗಿದ್ದರೆ ಏನೂ ಅನ್ನುವುದಿಲ್ಲ, ಸುತ್ತಿ ಗೂಟಕ್ಕೆ ನೇತುಹಾಕುತ್ತಾನೆ. ಎಲ್ಲೋ ಅಪರೂಪಕ್ಕೆ, ಎಳೆ ಎಳೆಯೂ ಒಂದಕ್ಕೊಂದು ಅಂಟಿ ಕೂತು ಎಲ್ಲಿ ಬೆರಳಿಟ್ಟರೂ ಜಾಗ ಸಿಗದಂತೆ ಬಂದ ಹಗ್ಗಕ್ಕೆ ‘ಸುಮಾರು’ ಅನ್ನುತ್ತಾನೆ. ಅಂಥ ದಿನ ನನಗೆ ಊಟ ಬೇಡ, ನಿದ್ದೆ ಬೇಡ. ನಲವತ್ತು ದಾಟಿದ ಹೆಂಗಸು ಚಿಕ್ಕ ಹುಡುಗಿಯ ಹಾಗೆ ಗುನುಗುತ್ತಾ ಪಾತ್ರೆ ತೊಳೆಯುತ್ತೇನೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ಸೋದರತ್ತೆ ಅಡುಗೆಮನೆಯಿಂದಲೇ ಕೂಗುತ್ತಾಳೆ: “ಏನೇ, ಇವತ್ತು ಸುಮಾರು ಬಿತ್ತಾ?”

ಇದು ಅಪ್ಪ ಮಾಡಿದ ಕಟ್ಟಳೆಯಲ್ಲ. ಅವನ ಅಪ್ಪನಿಗೂ, ಅದಕ್ಕೂ ಹಿಂದಿನವರಿಗೂ ಹೀಗೇ ಇತ್ತಂತೆ. ಬಾವಿಗಿಳಿಯುವವನು, ಎತ್ತರದ ಗೋಡೆಗೆ ಬಣ್ಣ ಬಳಿಯುವವನು, ದೋಣಿ ಕಟ್ಟುವವನು, ಎಲ್ಲರೂ ತಮ್ಮ ಜೀವವನ್ನು ನಮ್ಮ ಹಗ್ಗಕ್ಕೆ ಒಪ್ಪಿಸುತ್ತಾರೆ. ಹೊಗಳಿಸಿಕೊಂಡ ಕೈ ಸಡಿಲವಾಗುತ್ತದೆ. ಹಾಗಾಗಿ ‘ಚೆನ್ನಾಗಿದೆ’ ಎಂಬ ಮಾತನ್ನು ನಮ್ಮವರು ಎತ್ತಿಟ್ಟಿದ್ದು ಒಂದೇ ಹೊತ್ತಿಗೆ. ಹೊಸೆಯುವ ಕೈ ನಿಂತುಹೋದಾಗ ಅದರ ಕೊನೆಯ ಹಗ್ಗವನ್ನು ಹಿಡಿದು ಆ ಮಾತು ಹೇಳಬೇಕು. ಹೇಳಿ, ಆ ಹಗ್ಗವನ್ನು ಮಾರದೆ ತೊಲೆಗೆ ಕಟ್ಟಬೇಕು.

ನಾನು ಆ ಮಾತನ್ನು ಕೇಳಿದ್ದೇನೆ. ತಾತ ಸತ್ತಾಗ ಅಪ್ಪ ಹೆಣದ ಪಕ್ಕದಲ್ಲಿ ನಿಂತು ಹೇಳಿದ. ಆಮೇಲೆ ಚಿಕ್ಕಪ್ಪನ ಬಲಗೈ ಹಗ್ಗಕ್ಕೂ ಕೊಕ್ಕೆಗೂ ನಡುವೆ ಸಿಕ್ಕಿ ಜಜ್ಜಿಹೋಯಿತು. ಇನ್ನು ಆ ಕೈ ನಾರು ಹಿಡಿಯುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಅಪ್ಪ ಅವನ ಹಗ್ಗದ ತುಂಡೊಂದನ್ನು ಚೀಲದಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದ, ಮಂಚದ ಪಕ್ಕ ಕೂತು ಹೇಳಿದ. ಚಿಕ್ಕಪ್ಪ ಗೋಡೆಯ ಕಡೆಗೆ ತಿರುಗಿಕೊಂಡ. ಈಗ ಅವನು ಪೇಟೆಯಲ್ಲಿ ಬೀಗದ ಅಂಗಡಿ ಇಟ್ಟಿದ್ದಾನೆ. ನಮ್ಮ ಮನೆಗೆ ಬರುವಾಗ ಶೆಡ್ಡು ಕಣ್ಣಿಗೆ ಬೀಳದ ಹಾಗೆ ಸುತ್ತುಹಾಕಿ ಬರುತ್ತಾನೆ.

ಶೆಡ್ಡೆಂದರೆ ನಾಲ್ಕು ಗೋಡೆಯ ಕೋಣೆಯಲ್ಲ. ಬೀದಿಯ ತಲೆಯಿಂದ ಕಾಲುವೆಯವರೆಗೆ ಒಂದೇ ಸಮ ಚಾಚಿಕೊಂಡ ತಗಡಿನ ಮಾಡು, ಕೆಳಗೆ ಇಟ್ಟಿಗೆಯ ನೆಲ. ಶೆಡ್ಡು ಎಷ್ಟು ಉದ್ದವೋ ಹಗ್ಗವೂ ಅಷ್ಟೇ ಉದ್ದ. ಬೀದಿಯ ಕಡೆಯ ತುದಿಯಲ್ಲಿ ಅಪ್ಪ ಚಕ್ರ ತಿರುಗಿಸುತ್ತಾನೆ. ನಾನು ಸೊಂಟಕ್ಕೆ ನಾರು ಸುತ್ತಿಕೊಂಡು, ಅದರ ತುದಿಯನ್ನು ಚಕ್ರದ ಕೊಕ್ಕೆಗೆ ಸಿಕ್ಕಿಸಿ, ಬೆರಳ ಸಂದಿನಿಂದ ಎಳೆ ಬಿಡುತ್ತಾ ಕಾಲುವೆಯ ಕಡೆಗೆ ಹಿಂದೆ ಹಿಂದೆ ನಡೆಯುತ್ತೇನೆ. ಜೀವಮಾನದಲ್ಲಿ ಮುಂದಕ್ಕೆ ನಡೆದದ್ದಕ್ಕಿಂತ ಹಿಂದಕ್ಕೆ ನಡೆದದ್ದೇ ಹೆಚ್ಚು. “ಇವಳು ಸ್ವರ್ಗಕ್ಕೂ ಬೆನ್ನು ಮಾಡ್ಕೊಂಡೇ ಹೋಗ್ತಾಳೆ, ಬಾಗಿಲಿಗೆ ತಲೆ ಬಡ್ಕೊಂಡಾಗ್ಲೇ ಗೊತ್ತಾಗೋದು” ಎಂದು ಅತ್ತೆ ನಗುತ್ತಾಳೆ. ಆ ತುದಿಗೆ ಹೋದರೆ ಅಪ್ಪನ ದನಿ ಕೇಳಿಸುವುದಿಲ್ಲ. ಎಳೆಯನ್ನು ಒಮ್ಮೆ ಮೆಲ್ಲಗೆ ಜಗ್ಗಿದರೆ ನಿಲ್ಲು ಎಂದರ್ಥ. ನನ್ನ ಬೆರಳು ದಣಿದದ್ದು ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಇಷ್ಟು ವರ್ಷ ನಾವು ಬಾಯಿಂದ ಆಡಿದ ಮಾತು ಕಡಿಮೆ, ಎಳೆಯಲ್ಲಿ ಆಡಿದ್ದೇ ಜಾಸ್ತಿ.

ಆ ಶೆಡ್ಡಿನ ನಡುವೆ ಅಡ್ಡಲಾಗಿ ಹೊಸ ರೈಲು ಹಾಯುತ್ತದೆ ಎಂದು ಸುದ್ದಿ ಬಂತು. ಸುದ್ದಿಯ ಹಿಂದೆಯೇ ಒಬ್ಬಳು ಹೆಂಗಸು ಬಂದಳು. ಹೊಸದೇನಾದರೂ ಕಟ್ಟುವ ಮೊದಲು ಅಲ್ಲಿರುವ ಹಳೆಯದಕ್ಕೆ ಎಷ್ಟು ಪೆಟ್ಟಾಗುತ್ತದೆ ಎಂದು ನೋಡಿ ವರದಿ ಕೊಡುವುದು ಅವಳ ಕೆಲಸವಂತೆ. ಅತ್ತೆ ಅವಳಿಗೆ ಪರಂಪರೆ ಮೇಡಂ ಎಂದು ಹೆಸರಿಟ್ಟಳು. ನಾನು ಮೊದಲು ಮುಖ ಗಂಟಿಕ್ಕಿಕೊಂಡೇ ಇದ್ದೆ. ಹೆಣ ಅಳೆಯಲು ಬಂದವರಿಗೆ ಯಾರು ಮಣೆ ಹಾಕುತ್ತಾರೆ? ಆದರೆ ಆ ಹೆಂಗಸು ಎಲ್ಲರಂತೆ ಬಾಗಿಲಲ್ಲಿ ನಿಂತು ಫೋಟೊ ಹೊಡೆದುಕೊಂಡು ಹೋಗಲಿಲ್ಲ. ಟೇಪು ಹಿಡಿದು ಕಂಬ ಕಂಬವನ್ನೂ ತಟ್ಟಿ ನೋಡಿದಳು, ಮಾಡು ನೋಡಲು ಇಟ್ಟಿಗೆ ನೆಲದ ಮೇಲೆ ಅಂಗಾತ ಮಲಗಿದಳು, ನಾನು ಹೊಸೆಯುವಾಗ ನನ್ನ ಜೊತೆ ಕಾಲುವೆಯವರೆಗೆ ಹಿಂದೆ ಹಿಂದೆ ನಡೆದು ಒಮ್ಮೆ ಬಿದ್ದೂ ಬಿದ್ದಳು.

“ಕಂಬಕ್ಕೆ ಕಿವಿ ಇಡ್ತಾಳಲ್ಲೇ, ಡಾಕ್ಟರೇನೇ ಇವಳು?” ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದಳು.

“ಡಾಕ್ಟರಾದ್ರೆ ವಾಸಿ. ಬದುಕಿಸ್ತಾಳೋ ಇಲ್ಲ ಸರ್ಟಿಫಿಕೇಟು ಬರೀತಾಳೋ ನೋಡೋಣ” ಎಂದೆ.

ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ಅವಳು ನನಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ರೈಲಿಗೆ ಎರಡು ದಾರಿ ಇವೆ. ಒಂದು ನಮ್ಮ ಶೆಡ್ಡನ್ನು ಸೀಳಿಕೊಂಡು ನೇರ ಹೋಗುತ್ತದೆ. ಇನ್ನೊಂದು ಪಾಳುಬಿದ್ದ ಗೋಡೌನಿನ ಹಿಂದೆ ಬಳಸಿಕೊಂಡು ಹೋಗುತ್ತದೆ.

“ಕಟ್ಟಡ ಮಾತ್ರ ನೋಡಿದ್ರೆ ಇದು ಮಧ್ಯಮ ದರ್ಜೆ” ಎಂದಳು. “ತಗಡು ಬದಲಾಗಿದೆ, ಅರ್ಧಕ್ಕರ್ಧ ಕಂಬ ಹೊಸದು. ಮಧ್ಯಮ ದರ್ಜೆಗೆ ಯಾರೂ ರೈಲು ತಿರುಗಿಸಲ್ಲ. ಆದ್ರೆ ಇಲ್ಲಿ ಕಸುಬು ಇನ್ನೂ ಜೀವಂತವಾಗಿದೆ. ಅದು ಮುಂದಿನ ಕೈಗೆ ದಾಟಿದೆ ಅಂತಾದ್ರೆ ಮೇಲಿನ ದರ್ಜೆ. ಆಗ ಅವರು ಗೋಡೌನ್ ಹಿಂದಿನಿಂದ್ಲೇ ಹೋಗ್ಬೇಕು, ಬೇರೆ ದಾರಿ ಇಲ್ಲ.”

“ದಾಟಿದೆಯಲ್ಲ ಮೇಡಂ, ಕಣ್ಮುಂದೆ ಕೂತಿದೀನಿ!”

“ನೀವು ಹೇಳೋ ಹಾಗಿಲ್ಲ. ಕಲಿಸಿದವರು ಹೇಳ್ಬೇಕು, ದರ್ಜೆ ಕೊಡೋ ಸಮಿತಿಯವರ ಎದುರಿಗೆ, ತಮ್ಮ ಬಾಯಲ್ಲೇ. ಹಿಂದೆ ಒಂದು ಕಡೆ ಯಾರದೋ ಮೊಮ್ಮಕ್ಕಳನ್ನ ಬಾಡಿಗೆಗೆ ತಂದು ಶಿಷ್ಯರು ಅಂತ ಕೂರಿಸಿದ್ರು. ಅವತ್ತಿಂದ ಈ ನಿಯಮ.”

ನಾನು ಚಹಾ ಲೋಟ ಕೆಳಗಿಟ್ಟೆ. ನಮ್ಮ ಶೆಡ್ಡಿನ ಕಟ್ಟಳೆಯನ್ನು ಅವಳಿಗೆ ಹೇಳಿದೆ. ಬಿಚ್ಚು, ಮೌನ, ಸುಮಾರು, ತಾತನ ಹೆಣ, ಚಿಕ್ಕಪ್ಪನ ಮಂಚ, ಒಂದೂ ಬಿಡದೆ ಹೇಳಿದೆ. ಅವಳ ಕಣ್ಣು ಹೊಳೆಯಿತು. ಇದೂ ಪರಂಪರೆಯೇ, ಇದನ್ನೂ ಬರೆಯುತ್ತೇನೆ, ಸಮಿತಿಗೂ ತಿಳಿಸಿ ಹೇಳುತ್ತೇನೆ ಎಂದಳು. “ಹೊಗಳೋದೇನೂ ಬೇಡ. ‘ಅವಳಿಗೆ ಕೆಲಸ ಬರುತ್ತೆ’ ಅಂತ ಒಂದು ಮಾತು ಅಂದ್ರೆ ಸಾಕು.”

ಅವಳ ಲೆಕ್ಕದಲ್ಲಿ ಅದು ಬೇರೆ, ಇದು ಬೇರೆ. ನಮ್ಮಲ್ಲಿ ‘ಬರುತ್ತೆ’ ಅನ್ನುವ ಮಾತು ‘ಚೆನ್ನಾಗಿದೆ’ಯ ಒಡಹುಟ್ಟಿದ ತಂಗಿ.

ಸಮಿತಿ ಬರುವ ಹಿಂದಿನ ದಿನ ಸಂಜೆ ಅಪ್ಪ ಊಟಕ್ಕೆ ಕೂತಾಗ ನಾನು ಎದುರಿಗೆ ಹೋಗಿ ಕೂತೆ. “ನಾಳೆ ಕೇಳ್ತಾರೆ ಅಪ್ಪ. ಬರುತ್ತೆ ಅನ್ನು.”

ಅವನು ತುತ್ತು ಕೆಳಗಿಟ್ಟ. “ನಿನ್ನ ತಾತನಿಗೆ ಹೇಳ್ದೆ, ಹೆಣ ಪಕ್ಕದಲ್ಲೇ ಇತ್ತು. ತಮ್ಮನಿಗೆ ಹೇಳ್ದೆ, ಅವನು ಗೋಡೆ ಕಡೆ ತಿರುಗ್ದ. ಈಗ ನಿನಗೂ ಹೇಳು ಅಂತೀಯಲ್ಲ.”

“ಹೇಳದಿದ್ರೆ ಶೆಡ್ಡು ಹೋಗುತ್ತೆ.”

“ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಬರುತ್ತೆ ಅಂದ್ರೆ ಮುಗೀತು ಅಂತ ಅರ್ಥ. ನಿನ್ನ ಕೈ ಇನ್ನೂ ಬೆಳೀತಾ ಇದೆ ಕಣೇ.”

ಪಾತ್ರೆ ಹಿಡಿದು ನಿಂತಿದ್ದ ಅತ್ತೆಗೆ ತಡೆಯಲಾಗಲಿಲ್ಲ. “ಅಣ್ಣಾ, ಸುಳ್ಳು ಅಂದ್ಕೊಂಡಾದ್ರೂ ಹೇಳೋ. ಸುಳ್ಳು ಹೇಳಿದ್ರೆ ನಿನ್ನ ನಾಲಿಗೆ ಏನು ಸವೆಯುತ್ತಾ?”

“ಸುಳ್ಳಾಗಿದ್ರೆ ಹೇಳಿಬಿಡ್ತಿದ್ದೆ” ಎಂದ ಅಪ್ಪ. “ಅದು ಸುಳ್ಳಲ್ಲ, ಅದಕ್ಕೇ ಕಷ್ಟ.”

ನಾನು ಎದ್ದು ಹೋದೆ. ಕೋಪ ನೆತ್ತಿಗೇರಿತ್ತು. ಒಳಗಿನ ಕೋಣೆಯಲ್ಲಿ ಮಡಿಸಿಟ್ಟಿದ್ದ ಬಟ್ಟೆಯನ್ನೆಲ್ಲ ಕೆಡವಿ ಮತ್ತೆ ಮಡಿಸಿದೆ. ಅವನು ಹೇಳಿದ ಕೊನೆಯ ಮಾತು ಎಷ್ಟು ದೊಡ್ಡದು ಎಂದು ನನ್ನ ತಲೆಗೆ ಹೊಳೆದದ್ದು ಅರ್ಧ ಬಟ್ಟೆ ಮಡಿಸಿದ ಮೇಲೆ.

ಮರುದಿನ ಸಮಿತಿಯಿಂದ ಇಬ್ಬರು ಬಂದರು. ಒಬ್ಬರಿಗೆ ನಾರಿನ ಧೂಳಿಗೆ ಸೀನು, ಇನ್ನೊಬ್ಬರಿಗೆ ಫೋನು. ಆದರೂ ಕೆಟ್ಟವರಲ್ಲ. ನಾವು ಅವರೆದುರಿಗೆ ಹಗ್ಗ ಹೊಸೆದೆವು. ಮೂರು ಎಳೆಗಳು ಮರದ ಗುಂಡಿನ ಗೀರುಗಳಲ್ಲಿ ಓಡಿ, ಅದರ ಹಿಂದೆ ಒಂದಾಗಿ ಹೆಣೆದುಕೊಂಡು ಬರುವುದನ್ನು ಸೀನಿನವರು ಸೀನುವುದನ್ನೂ ಮರೆತು ನೋಡಿದರು. ಆಮೇಲೆ ಎಲ್ಲರೂ ಚಕ್ರದ ಹತ್ತಿರ ನಿಂತರು. ಪರಂಪರೆ ಮೇಡಂ ಅಪ್ಪನನ್ನು ಕೇಳಿದಳು.

“ಯಜಮಾನ್ರೇ, ನಿಮ್ಮ ಮಗಳಿಗೆ ಈ ಕೆಲಸ ಬರುತ್ತಾ?”

ಅಪ್ಪ ನನ್ನನ್ನು ನೋಡಿದ. ಈಗ ಹೇಳುತ್ತಾನೆ ಅಂದುಕೊಂಡೆ. ಅವನು ಹಗ್ಗವನ್ನು ಬೆರಳಲ್ಲಿ ಒತ್ತಿ ನೋಡಿದ, ಅಷ್ಟು ಜನರೆದುರಿಗೆ ತಲೆಯೆತ್ತಿ ಹೇಳಿದ: “ಸುಮಾರು.”

ನನ್ನ ಬುದ್ಧಿಗೆ ಏನೆನ್ನಬೇಕೋ ಗೊತ್ತಿಲ್ಲ. ನನಗೆ ಖುಷಿಯಾಯಿತು! ಹೊರಗಿನವರ ಮುಂದೆ ಅಪ್ಪನ ಬಾಯಿಂದ ಆ ಮಾತು ಎಂದೂ ಬಂದಿರಲಿಲ್ಲ. ಎದೆ ಉಬ್ಬಿತು, ಕಣ್ಣು ತುಂಬಿತು, ಅತ್ತೆಯ ಕಡೆ ನೋಡಿ ನಕ್ಕೂಬಿಟ್ಟೆ. ಫೋನಿನವರು ಕೇಳಿದ್ದು ಆಮೇಲೆ ಕಿವಿಗೆ ಬಿತ್ತು.

“ಅಂದ್ರೆ, ಪೂರ್ತಿ ಬರಲ್ಲ?”

“ಪೂರ್ತಿ ಯಾರಿಗೆ ಬರುತ್ತೆ ಸಾರ್? ನನಗೂ ಬರಲ್ಲ. ಇನ್ನೂ ಕಲೀಬೇಕು” ಎಂದ ಅಪ್ಪ.

ಪರಂಪರೆ ಮೇಡಂ ಮುಂದೆ ಬಂದು, ಈ ಶೆಡ್ಡಿನಲ್ಲಿ ಆ ಮಾತಿನ ಬೆಲೆಯೇ ಬೇರೆ, ಇದಕ್ಕಿಂತ ಮೇಲಿನ ಮಾತನ್ನು ಇವರು ಬದುಕಿದ್ದವರಿಗೆ ಹೇಳುವುದಿಲ್ಲ ಎಂದು ವಿವರಿಸಿದಳು. ನಾನೂ ಬಾಯಿ ಹಾಕಿದೆ. ಫೋನಿನವರು ಶಾಂತವಾಗಿಯೇ ಕೇಳಿಸಿಕೊಂಡರು. “ಅದನ್ನ ಟಿಪ್ಪಣಿಯಾಗಿ ಸೇರಿಸಿ ಮೇಡಂ, ತುಂಬ ಸ್ವಾರಸ್ಯವಾಗಿದೆ. ಆದ್ರೆ ಪ್ರಶ್ನೆಗೆ ಉತ್ತರ ಅವರೇ ಕೊಟ್ರಲ್ಲ” ಎಂದರು.

ಅವರು ಹೋದ ಮೇಲೆ ಅಪ್ಪ ಚಕ್ರದ ಪಕ್ಕದ ಬೆಂಚಿನ ಮೇಲೆ ಕೂತು ಬೆವರೊರೆಸಿಕೊಂಡ. ಭಾರ ಇಳಿಸಿದವನಂತೆ ಕಂಡ. “ಹೇಳ್ದೆ ನೋಡು. ಎಲ್ಲರ ಎದುರಿಗೇ ಹೇಳ್ಬಿಟ್ಟೆ” ಎಂದು ಅತ್ತೆಗೆ ಹೇಳಿದ. ಅವನ ಮುಖದಲ್ಲಿ ನಾಚಿಕೆಯಂಥದೊಂದು ನಗು ಇತ್ತು. ಅವನ ಮಟ್ಟಿಗೆ ಅವನು ಹಗ್ಗ ಹರಿಯುವಷ್ಟು ಜಗ್ಗಿದ್ದ, ಇನ್ನೊಂದು ಎಳೆ ಜಗ್ಗಿದ್ದರೆ ಮಗಳನ್ನು ಹೂತಂತೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಬೈಯಬೇಕೆಂದು ಬಾಯಿವರೆಗೆ ಬಂದದ್ದನ್ನು ನಾನು ನುಂಗಿಕೊಂಡೆ. ಯಾರನ್ನು ಬೈಯಲಿ? ಹೋಗಿ ಅವನ ಪಕ್ಕದಲ್ಲಿ ಕೂತೆ.

ತೀರ್ಮಾನ ತಿಳಿಸಲು ಪರಂಪರೆ ಮೇಡಂ ಒಬ್ಬಳೇ ಬಂದಳು, ಟೇಪಿಲ್ಲದೆ, ಚೀಲವಿಲ್ಲದೆ. ಹೊಸಿಲಿನ ಹೊರಗೇ ನಿಂತಿದ್ದಳು. ಅವಳು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಯಿತು.

“ಮಧ್ಯಮ” ಎಂದಳು. ಒಬ್ಬರೇ ಕಸುಬುದಾರರು, ವಯಸ್ಸಾದವರು, ಮುಂದಿನ ಕೈ ಇನ್ನೂ ಕಲಿಕೆಯಲ್ಲಿದೆ ಎಂದು ಸಮಿತಿ ಒಪ್ಪಿಕೊಂಡಿದೆಯಂತೆ. ಆಗುವ ನಷ್ಟಕ್ಕೆ ಪರಿಹಾರವನ್ನೂ ಸೂಚಿಸಿದ್ದಾರೆ. ಚಕ್ರವಿರುವ ತುದಿಯನ್ನಷ್ಟು ಉಳಿಸಿ ಗಾಜಿನ ಬಾಗಿಲು ಹಾಕುತ್ತಾರೆ. ಕೆಡವುವ ಮೊದಲು ನಾವು ಹಗ್ಗ ಮಾಡುವುದನ್ನು ಪೂರ್ತಿ ಚಿತ್ರೀಕರಿಸಿ ಇಡುತ್ತಾರೆ. ಹೊಸ ಸ್ಟೇಷನ್ನಿನ ಗೋಡೆಯ ಮೇಲೆ ಫಲಕ ಬರುತ್ತದೆ. ಈ ಕಸುಬಿನವರು ಒಬ್ಬರನ್ನೊಬ್ಬರು ಹೊಗಳುತ್ತಿರಲಿಲ್ಲ ಎಂಬುದನ್ನೂ ಅದರಲ್ಲಿ ಬರೆಸುತ್ತಾರಂತೆ.

“ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗ್ಲು ಹಾಕಿದ್ರಂತೆ” ಎಂದೆ. “ಆ ಚೂರು ಜಾಗದಲ್ಲಿ ಆಗೋದು ಹಗ್ಗ ಅಲ್ಲ ಮೇಡಂ, ಬಟ್ಟೆ ಒಣಹಾಕೋ ದಾರ.”

ಅವಳು ತಲೆ ತಗ್ಗಿಸಿದಳು. ಅವಳ ಮೇಲೆ ಸಿಟ್ಟಾಗಲು ಎಷ್ಟು ಪ್ರಯತ್ನಪಟ್ಟರೂ ನನ್ನಿಂದ ಆಗಲಿಲ್ಲ.

ಒಳಗಿಂದ ಬಂದ ಅಪ್ಪ ಎಲ್ಲ ಕೇಳಿಸಿಕೊಂಡಿದ್ದ. “ಸುಮಾರು ಅಂದೆನಲ್ಲ?” ಎಂದು ನನ್ನನ್ನು ಕೇಳಿದ. ಅವನು ನನ್ನ ಮುಖವನ್ನೇ ನೋಡುತ್ತಾ ನಿಂತ. ಆ ಮಾತು ಹೊಸಿಲಾಚೆ ದಾಟಿ ಏನಾಯಿತೆಂದು ಅವನಿಗೆ ನಿಧಾನವಾಗಿ ತಿಳಿಯುತ್ತಾ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಇಷ್ಟು ವಯಸ್ಸಾದವನ ಮುಖ ಹಾಗೆ ಇಳಿಯುವುದನ್ನು ಯಾವ ಮಗಳೂ ನೋಡಬಾರದು. ಅವನು ಗೋಡೆ ಹಿಡಿದುಕೊಂಡು ಮೇಡಂ ಕಡೆ ತಿರುಗಿದ.

“ಈಗ ಹೇಳಿದ್ರೆ?”

“ಈಗ ಹೇಳಿದ್ರೆ ಶೆಡ್ಡು ಉಳಿಸ್ಕೊಳ್ಳೋಕೆ ಹೇಳ್ತಿದೀರಿ ಅಂತಾರೆ ಯಜಮಾನ್ರೇ” ಎಂದಳು ಅವಳು.

ಚಿತ್ರೀಕರಣದ ದಿನ ಬೆಳಗ್ಗೆಯೇ ಕ್ಯಾಮೆರಾದವರು ಬಂದು ಇಟ್ಟಿಗೆ ನೆಲದ ಮೇಲೆ ತಂತಿ ಹಾಸಿದರು. ಹಿಂದಕ್ಕೆ ನಡೆಯುವವಳ ಕಾಲಿಗೆ ತಂತಿ ಹಾಸಬಾರದೆಂಬ ಬುದ್ಧಿಯೂ ಅವರಿಗಿರಲಿಲ್ಲ. ನಾನು ಬೈದ ಮೇಲೆ ಎತ್ತಿ ಪಕ್ಕಕ್ಕಿಟ್ಟರು. ಚಿಕ್ಕಪ್ಪನೂ ಬಂದಿದ್ದ. ಕೈ ಹೋದಂದಿನಿಂದ ಅವನು ಶೆಡ್ಡಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಜಜ್ಜಿದ ಕೈಯನ್ನು ಜೇಬಿನಲ್ಲಿ ಮುಚ್ಚಿಟ್ಟುಕೊಂಡು ಅತ್ತೆಯ ಪಕ್ಕದಲ್ಲಿ ನಿಂತಿದ್ದ.

ನಾನು ಸೊಂಟಕ್ಕೆ ನಾರು ಸುತ್ತಿಕೊಂಡೆ. ಅಪ್ಪ ಚಕ್ರ ತಿರುಗಿಸಿದ. ಎಳೆ ಬಿಡುತ್ತಾ ಹೊರಟೆ. ಇನ್ನು ಈ ನೆಲದಲ್ಲಿ ಹೀಗೆ ನಡೆಯುವುದಿಲ್ಲ ಎಂದು ಗೊತ್ತಿದ್ದರೂ ಬೆರಳುಗಳಿಗೆ ಅದು ಗೊತ್ತಿರಲಿಲ್ಲ, ಅವು ತಮ್ಮ ಪಾಡಿಗೆ ನಾರು ಬಿಡುತ್ತಿದ್ದವು. ಒಂದೊಂದಾಗಿ ಎಳೆಗಳಾದವು, ಎಳೆಗಳು ಸೇರಿ ಹಗ್ಗವಾಯಿತು. ಎಲ್ಲೂ ಗಂಟಿಲ್ಲ, ಎಲ್ಲೂ ಸಡಿಲವಿಲ್ಲ. ಕಾಲುವೆಯ ತುದಿಯಲ್ಲಿ ನಿಂತು, ಅಪ್ಪ ಜಗ್ಗುವುದನ್ನು ಕಾಯುತ್ತಿದ್ದೆ.

ಅವನು ಜಗ್ಗಲಿಲ್ಲ. ಚಕ್ರ ಬಿಟ್ಟು ನನ್ನ ಕಡೆಗೆ ಬರುತ್ತಿದ್ದ. ಮಂಡಿ ಹೋದ ಮೇಲೆ ಅವನು ಈ ತುದಿಯವರೆಗೆ ಬಂದದ್ದೇ ಇಲ್ಲ. ಒಂದು ಕೈಯನ್ನು ಹಗ್ಗದ ಮೇಲೆ ಸವರುತ್ತಾ, ಕಂಬಕ್ಕೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾ ಬಂದ. ಅವನು ಯಾಕೆ ಬರುತ್ತಿದ್ದಾನೆ ಎಂದು ಚಿಕ್ಕಪ್ಪನಿಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು. ಚಿಕ್ಕಪ್ಪ ಪಕ್ಕದ ಗೋಡೆಯ ಕಡೆಗೆ ತಿರುಗಿಕೊಂಡ.

“ಅಣ್ಣಾ, ಬೇಡ್ವೋ” ಎಂದು ಅತ್ತೆ ಕೂಗಿದಳು. “ಮಗು ಅದು, ಬೇಡ್ವೋ!”

ಪರಂಪರೆ ಮೇಡಂ ನನ್ನ ಹತ್ತಿರವಿದ್ದ ಕ್ಯಾಮೆರಾದ ಮುಂದೆ ಕೈ ಅಡ್ಡ ಹಿಡಿದಳು. ‘ನಿಲ್ಲಿಸಿ’ ಎಂದದ್ದು ನನಗೂ ಕೇಳಿಸಿತು.

ಅಪ್ಪ ನನ್ನ ಎದುರಿಗೆ ಬಂದು ನಿಂತ. ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ, ಬೆರಳಲ್ಲಿ ಒತ್ತಿ ನೋಡಿದ, ಕಣ್ಣಿನ ಹತ್ತಿರ ತಂದು ನೋಡಿದ.

“ಚೆನ್ನಾಗಿದೆ” ಎಂದ.

ಹುಟ್ಟಿದಾಗಿನಿಂದ ನಾನು ಈ ಬಾಯಿಂದ ಈ ಒಂದು ಮಾತಿಗಾಗಿ ಕಾದಿದ್ದೆ. ಕೇಳಿದ್ದೇ ತಡ, ಅವನ ಕೈ ಪಕ್ಕದಲ್ಲೇ ಹಗ್ಗ ಹಿಡಿದುಕೊಂಡು ಕಿತ್ತುಕೊಳ್ಳುವವಳ ಹಾಗೆ ಜಗ್ಗಿದೆ.

“ಇಲ್ಲಪ್ಪಾ, ಸುಮಾರು ಅಷ್ಟೇ. ಸರಿಯಾಗಿ ನೋಡು, ಎಲ್ಲೋ ತಪ್ಪಿರುತ್ತೆ. ಬಿಚ್ಚು ಅನ್ನು ಅಪ್ಪ, ಬಿಚ್ತೀನಿ. ನಾನಿನ್ನೂ ಕಲೀಬೇಕು.”

ಅವನು ತನ್ನ ತುದಿಯನ್ನು ಬಿಡಲಿಲ್ಲ.

“ಕಲಿತಾಯ್ತು ಮಗಳೇ” ಎಂದ.